ಪರದೆಯಾಚೆಯ ವಿದ್ಯಾರ್ಥಿಗೆ ಪಾಠ ಮಾಡುವ ಬಗೆ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೋಡಿಯಮಠವೆಂಬ ದೊಡ್ಡ ವಿದ್ಯಾಕೇಂದ್ರವಿತ್ತು. ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಅಧ್ಯಯನ ನಡೆಯುತ್ತಿತ್ತೆಂದು 1162ರ ಶಾಸನ ಹೇಳುತ್ತದೆ. ದೀನರಿಗೆ ಅನ್ನ, ರೋಗಿಗಳಿಗೆ ಔಷಧ ಸಿಗುತ್ತಿತ್ತೆಂಬುದನ್ನೂ ಅದೇ ಶಾಸನ ದಾಖಲಿಸಿದೆ. ವಿದ್ಯೆ ಕೊಡುವ ಜಾಗದಲ್ಲಿ ಬಂದವರ ಸ್ಥಿತಿಗತಿಯ ಚಿಂತೆಯೂ ಇತ್ತು. ಮೊಬೈಲಿಗಾಗಿ ಪಾಠ ಚಿತ್ರೀಕರಿಸುವ ಇಂದಿನ ಶಿಕ್ಷಕರೂ ಶುರುಮಾಡಬೇಕಾದದ್ದು ಆ ಚಿಂತೆಯಿಂದಲೇ.

ಕೋವಿಡ್‌ನಿಂದಾಗಿ 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಅದೇ ವರ್ಷ ಚಂದನ ವಾಹಿನಿಯಲ್ಲಿ ಪ್ರೌಢಶಾಲಾ ಮಕ್ಕಳಿಗಾಗಿ ‘ಸಂವೇದ’ ಪಾಠಗಳು ಆರಂಭವಾದವು. ಮೊಬೈಲ್ ಸಿಗ್ನಲ್ ಸಿಗದ ಮಲೆನಾಡಿನ ಮನೆಗಳಿಗೂ ಟಿ.ವಿ. ಪಾಠ ತಲುಪಬಲ್ಲದು. ಆದರೆ ಅರ್ಥವಾಗದ ಕಡೆ ಅದನ್ನು ನಿಲ್ಲಿಸುವಂತಿಲ್ಲ, ಹಿಂದಕ್ಕೆ ಹೋಗಿ ನೋಡುವಂತಿಲ್ಲ. ಮೊಬೈಲ್ ವಿಡಿಯೊದ ನಿಜವಾದ ಬಲ ಇರುವುದೇ ಅಲ್ಲಿ. ನಲವತ್ತು ನಿಮಿಷದ ತರಗತಿಯನ್ನು ಹಾಗೇ ಹಿಡಿದು ಗ್ರೂಪಿಗೆ ಹಾಕಿದರೆ ಆ ಬಲ ವ್ಯರ್ಥವಾಗುತ್ತದೆ.

ಫಿಲಿಪ್ ಗುವೊ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ಆಧಾರ ಒದಗಿಸುತ್ತದೆ. ‘ಎಡ್‌ಎಕ್ಸ್’ ಆನ್‌ಲೈನ್ ಕೋರ್ಸ್‌ಗಳ 69 ಲಕ್ಷ ವೀಕ್ಷಣೆಗಳನ್ನು ಅವರು ಪರಿಶೀಲಿಸಿದರು. ವಿಡಿಯೊ ಎಷ್ಟೇ ಉದ್ದವಿರಲಿ, ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೂತು ನೋಡಿದ್ದು ಹೆಚ್ಚೆಂದರೆ ಆರು ನಿಮಿಷ. ತರಗತಿಯ ಉಪನ್ಯಾಸವನ್ನು ತುಂಡು ಮಾಡಿ ಹಾಕಿದರೂ, ಆನ್‌ಲೈನ್‌ಗೆಂದೇ ತಯಾರಿಸಿದ ಪಾಠದಷ್ಟು ಅದು ಹಿಡಿಸಲಿಲ್ಲ. ಆದ್ದರಿಂದ ಕತ್ತರಿ ಹಾಕುವ ಮೊದಲು ಪಾಠವನ್ನೇ ಹೊಸದಾಗಿ ಯೋಚಿಸಬೇಕು: ಒಂದು ವಿಡಿಯೊ, ಒಂದೇ ಪ್ರಶ್ನೆ.

ಹತ್ತನೇ ತರಗತಿಯ ಪೀನ ಮಸೂರದ ಪಾಠವನ್ನೇ ತೆಗೆದುಕೊಳ್ಳಿ. ಕತ್ತಲು ಮಾಡಿದ ಕೋಣೆ, ಮೇಜಿನ ಮೇಲೆ ಉರಿಯುವ ಮೇಣದಬತ್ತಿ, ಒಂದು ಭೂತಗನ್ನಡಿ, ಒಂದು ಬಿಳಿ ಹಾಳೆ. ಮೊಬೈಲನ್ನು ಪುಸ್ತಕಗಳ ನಡುವೆ ಅಲುಗದಂತೆ ನಿಲ್ಲಿಸಿ. ಪರದೆಯಲ್ಲಿ ಶಿಕ್ಷಕರ ಮುಖಕ್ಕಿಂತ ಅವರ ಕೈ ಕಾಣಲಿ. ‘ಹಾಳೆಯ ಮೇಲೆ ಜ್ವಾಲೆ ನೆಟ್ಟಗೆ ಮೂಡುತ್ತದೋ, ತಲೆಕೆಳಗಾಗಿಯೋ? ವಿಡಿಯೊ ನಿಲ್ಲಿಸಿ, ನೋಟ್‌ಬುಕ್ಕಿನಲ್ಲಿ ಬರೆಯಿರಿ’ ಎಂದು ಕೇಳಿ. ಆಮೇಲೆ ಹಾಳೆಯನ್ನು ನಿಧಾನವಾಗಿ ಹಿಂದೆಮುಂದೆ ಸರಿಸಿ. ಮಸುಕು ಬೆಳಕು ಒಂದು ಜಾಗದಲ್ಲಿ ಚೊಕ್ಕವಾಗಿ, ತಲೆಕೆಳಗಾದ ಪುಟ್ಟ ಜ್ವಾಲೆಯಾಗಿ ನಿಲ್ಲುತ್ತದೆ. ಆ ಕ್ಷಣದಲ್ಲಿ ಮಾತು ನಿಲ್ಲಿಸಿ, ಮಗು ನೋಡಲಿ. ಕಿರಣಚಿತ್ರ, ಸೂತ್ರ ಎಲ್ಲ ಅದಾದ ಮೇಲೆ ಬರಲಿ. ಊಹಿಸಿ ಬರೆದ ಮಗುವಿಗೆ ಉತ್ತರ ಬೇಕೆನ್ನಿಸಿರುತ್ತದೆ. ಉತ್ತರ ತಪ್ಪಾಗಿದ್ದರೆ ‘ಯಾಕೆ’ ಎಂಬ ಪ್ರಶ್ನೆಯೂ ತಾನಾಗಿ ಹುಟ್ಟುತ್ತದೆ.

ಚಿತ್ರಕ್ಕಿಂತ ಧ್ವನಿಗೆ ಹೆಚ್ಚು ಎಚ್ಚರ ಬೇಕು. ಚಿತ್ರ ತುಸು ಮಸುಕಾದರೆ ಮಕ್ಕಳು ಸಹಿಸುತ್ತಾರೆ, ಮಾತು ಕೇಳದಿದ್ದರೆ ಬಿಟ್ಟೇಬಿಡುತ್ತಾರೆ. ಸೊರಬದ ಮಳೆಗಾಲದಲ್ಲಿ ಹಂಚಿನ ಮಾಡಿನ ಕೆಳಗೆ ರೆಕಾರ್ಡ್ ಮಾಡಲು ಹೊರಟರೆ ಮಳೆಯದೇ ಸದ್ದು. ಹೊಳವಾದ ಹೊತ್ತು ನೋಡಿ, ಕಿಟಕಿ ಮುಚ್ಚಿ, ಇಯರ್‌ಫೋನಿನ ಮೈಕನ್ನು ಕೊರಳ ಬಳಿ ಸಿಕ್ಕಿಸಿಕೊಂಡರೆ ಸಾಕು. ಪರದೆಯ ಮೇಲಿನ ಬರಹವನ್ನು ಸಾಲುಸಾಲಾಗಿ ಓದಿ ಹೇಳುವ ಅಭ್ಯಾಸ ಬೇಡ. ಕಣ್ಣು, ಕಿವಿ ಎರಡಕ್ಕೂ ಒಂದೇ ಸರಕು ಸುರಿದರೆ ಕಲಿಕೆಗೆ ತೊಡಕಾಗುತ್ತದೆ ಎಂಬುದನ್ನು ಮನೋವಿಜ್ಞಾನಿ ರಿಚರ್ಡ್ ಮೇಯರ್ ಅವರ ಪ್ರಯೋಗಗಳು ತೋರಿಸಿವೆ.

ಡೇಟಾ ಲೆಕ್ಕವೂ ಪಾಠದ ಭಾಗವೇ. ಸೆಕೆಂಡಿಗೆ ಒಂದು ಮೆಗಾಬಿಟ್‌ನಂತೆ ಆರು ನಿಮಿಷದ ವಿಡಿಯೊ ಸುಮಾರು 45 ಎಂ.ಬಿ. ಆಗುತ್ತದೆ, ನಲವತ್ತು ನಿಮಿಷದ್ದು 300 ಎಂ.ಬಿ. ಸಂಜೆ ಅಪ್ಪ ಗದ್ದೆಯಿಂದ ಬಂದ ಮೇಲಷ್ಟೇ ಫೋನು ಕೈಗೆ ಸಿಗುವ ಮಗುವಿಗೆ ಈ ವ್ಯತ್ಯಾಸ ಸಣ್ಣದಲ್ಲ. ಡೌನ್‌ಲೋಡ್ ಮಾಡಿ, ಸಿಗ್ನಲ್ ಇಲ್ಲದಾಗಲೂ ನೋಡುವಂತಿರಬೇಕು.

ಉದಾಹರಣೆಗಳಿಗಾಗಿ ದೂರ ಹೋಗಬೇಕಿಲ್ಲ. ಏಕದಳ ಸಸ್ಯದ ತಂತುಬೇರಿಗೆ ಶಿಕಾರಿಪುರದ ಹೊಲದಿಂದ ಕಿತ್ತ ಮೆಕ್ಕೆಜೋಳದ ಬುಡವಿದೆ. ಹಕ್ಕಿಗಳ ಗೂಡು, ಮರಿಗಳ ಪಾಠಕ್ಕೆ ಸೊರಬದ ಗುಡವಿ ಪಕ್ಷಿಧಾಮವಿದೆ. ಕದಂಬರ ಇತಿಹಾಸಕ್ಕೆ ತಾಳಗುಂದದ ಸ್ತಂಭಶಾಸನವೇ ಇದೆ. ತನ್ನೂರಿನ ವಸ್ತು ಪರದೆಯಲ್ಲಿ ಕಂಡ ಮಗು ಮರುದಿನ ಅದನ್ನು ಮುಟ್ಟಿ ನೋಡಬಹುದು.

ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳ ಶಿಕ್ಷಕರು ಅಧ್ಯಾಯಗಳನ್ನು ಹಂಚಿಕೊಂಡು, ತಮಗೆ ಚೆನ್ನಾಗಿ ಒಗ್ಗಿದ ಪಾಠವನ್ನಷ್ಟೇ ಚಿತ್ರೀಕರಿಸಲಿ. ಎಲ್ಲರಿಗೂ ಕಳಿಸುವ ಮೊದಲು ಪಾಠ ಕಷ್ಟವೆನ್ನುವ ಇಬ್ಬರು ಮೂವರು ಮಕ್ಕಳಿಗೆ ತೋರಿಸಿ, ‘ಏನು ಅರ್ಥವಾಯಿತು, ನಿಮ್ಮ ಮಾತಲ್ಲಿ ಹೇಳಿ’ ಎಂದು ಕೇಳಲಿ. ಅವರು ಎಲ್ಲಿ ತಡವರಿಸುತ್ತಾರೋ ಆ ಭಾಗವನ್ನು ಮತ್ತೆ ಚಿತ್ರೀಕರಿಸಲಿ. ಎಷ್ಟು ಜನ ನೋಡಿದರು ಎಂಬ ಲೆಕ್ಕ ಯೂಟ್ಯೂಬ್ ಕೊಡುತ್ತದೆ; ಎಷ್ಟು ಜನ ಕಲಿತರು ಎಂಬುದನ್ನು ಮಕ್ಕಳನ್ನೇ ಕೇಳಿ ತಿಳಿಯಬೇಕು.