ಹಿಮಜಾರಾಟದ ಸಾಧನಗಳು: ಮಗುವಿಗೆ ಇಂದಿನ ಅಳತೆಯೇ ಸರಿ

ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಹೊತ್ತಿಗೆ ಗಡಿನಾಡಿನ ನಮ್ಮ ಮನೆಗಳಲ್ಲಿ ನಡೆಯುವ ಖರೀದಿಗೆ ಒಂದು ನಿಯಮವಿದೆ. ಸಮವಸ್ತ್ರವಾಗಲಿ ಬೂಟಾಗಲಿ ಒಂದು ಅಳತೆ ದೊಡ್ಡದಿರಲಿ, ಮಗು ಬೆಳೆಯುತ್ತದೆ ಎಂಬುದೇ ಆ ನಿಯಮ. ಅಂಚು ಮಡಚಿ ಹೊಲಿದ ಲಂಗ, ತುದಿಗೆ ಹತ್ತಿ ತುರುಕಿದ ಬೂಟು ನಮ್ಮ ತರಗತಿಗಳಲ್ಲಿ ಅಪರೂಪವಲ್ಲ. ಮಿತವ್ಯಯದ ಈ ವಿವೇಕವನ್ನು ನಾವು ಗೌರವಿಸುತ್ತೇವೆ. ಆದರೆ ಹಿಮದ ಮೇಲೆ ಜಾರುವ ಸ್ಕೀ ಆಟದಲ್ಲಿ ಇದೇ ವಿವೇಕವು ಮಗುವಿನ ಗಾಯಕ್ಕೆ ದಾರಿಯಾಗಬಲ್ಲದು.

ಹಿಮ ಬೀಳದ ಊರಿನವರಿಗೆ ಈ ವಿಷಯವೇಕೆ ಎಂದು ಕೆಲವರು ಕೇಳಬಹುದು. ರಜೆಯಲ್ಲಿ ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿ, ಹಿಮಾಚಲದ ಸೋಲಂಗ್ ಕಣಿವೆಗಳಿಗೆ ಪ್ರವಾಸ ಹೋಗುವ ಕುಟುಂಬಗಳು ನಮ್ಮಲ್ಲಿಯೂ ಇವೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಕ್ರಾಸ್ ಕಂಟ್ರಿ ಸ್ಕೀ ಕ್ರೀಡೆಯಲ್ಲಿ ಭಾರತವನ್ನು ಪ್ರತಿನಿಧಿಸಿದ ಮೇಲೆ, ಇದು ನಮಗೆ ಸಂಬಂಧವಿಲ್ಲದ ಆಟವೆಂದು ಹೇಳುವಂತೆಯೂ ಇಲ್ಲ. ಸಾಧನಗಳು ಆ ಊರುಗಳಲ್ಲಿ ಬಾಡಿಗೆಗೆ ದೊರೆಯುತ್ತವೆ. ಒಂದೆರಡು ದಿನಕ್ಕಾಗಿ ಕೊಳ್ಳಬೇಕಾಗಿಲ್ಲ. ಆದರೆ ಆಯ್ಕೆಯನ್ನು ಪೂರ್ಣವಾಗಿ ಅಂಗಡಿಯವರಿಗೆ ಬಿಟ್ಟುಬಿಡಬಾರದು.

ಮೊದಲನೆಯದು ಬೂಟು. ಸ್ಕೀ ಬೂಟಿನ ಅಳತೆಯೆಂದರೆ ಪಾದದ ಉದ್ದದ ಸೆಂಟಿಮೀಟರ್ ಲೆಕ್ಕ. ಇದನ್ನು ಮಾಂಡೋಪಾಯಿಂಟ್ ಎನ್ನುತ್ತಾರೆ. ಹಿಮ್ಮಡಿಯನ್ನು ಗೋಡೆಗೆ ತಾಗಿಸಿ ನಿಲ್ಲಿಸಿ, ಉದ್ದನೆಯ ಬೆರಳಿನ ತುದಿಯವರೆಗೆ ಸ್ಕೇಲಿನಿಂದ ಅಳೆದಾಗ 20 ಸೆಂ.ಮೀ. ಬಂದರೆ 20ರ ಬೂಟು ಬೇಕು. ಎರಡೂ ಪಾದಗಳನ್ನು ಮನೆಯಲ್ಲಿಯೇ ಅಳೆದು ಬರೆದುಕೊಳ್ಳಿರಿ. ಅಂಗಡಿಯಲ್ಲಿ ಬೂಟಿನ ಮೆತ್ತನೆಯ ಒಳಪದರವನ್ನು ಹೊರತೆಗೆದು, ಗಟ್ಟಿ ಕವಚದೊಳಗೆ ಕಾಲಿಟ್ಟು, ಬೆರಳುಗಳನ್ನು ಮುಂದಕ್ಕೆ ತಾಗಿಸಿದಾಗ ಹಿಮ್ಮಡಿಯ ಹಿಂದೆ 1ರಿಂದ 2 ಸೆಂ.ಮೀ. ಜಾಗ ಉಳಿಯಬೇಕು. ಪೂರ್ತಿ ತೊಟ್ಟು ನೇರವಾಗಿ ನಿಂತಾಗ ಬೆರಳು ಮುಂದೆ ಹಗುರವಾಗಿ ತಾಗಬೇಕು, ಮೊಣಕಾಲು ಬಾಗಿಸಿದಾಗ ಹಿಂದೆ ಸರಿಯಬೇಕು, ಹಿಮ್ಮಡಿ ಮೇಲೇಳಬಾರದು. ಬೂಟು ದೊಡ್ಡದಾದರೆ ಒಳಗೆ ಕಾಲು ತಿರುಗಿದರೂ ಹೊರಗೆ ಸ್ಕೀ ತಿರುಗದು. ಎರಡು ಜೊತೆ ಕಾಲುಚೀಲ ತೊಡಿಸಿ ಜಾಗ ತುಂಬಿಸುವುದೂ ಸಲ್ಲದು. ಮಡಿಕೆ ಬಿದ್ದಲ್ಲಿ ಗುಳ್ಳೆಯೇಳುತ್ತದೆ, ರಕ್ತಸಂಚಾರ ಕುಗ್ಗಿ ಪಾದ ತಣ್ಣಗಾಗುತ್ತದೆ. ತೆಳುವಾದ ಉಣ್ಣೆಯ ಒಂದು ಜೊತೆ ಸಾಕು.

ಸ್ಕೀಯನ್ನು ನೆಟ್ಟಗೆ ನಿಲ್ಲಿಸಿದಾಗ ಅದರ ತುದಿ ಕಲಿಯುವ ಮಗುವಿನ ಎದೆಗೂ ಗಲ್ಲಕ್ಕೂ ನಡುವೆ ಬರಬೇಕು. ಉದ್ದವಾದಷ್ಟೂ ಅದನ್ನು ತಿರುಗಿಸುವುದು ಕಷ್ಟ. ತೀರ ಚಿಕ್ಕ ಮಕ್ಕಳಿಗೆ ಊರುಗೋಲುಗಳು ಆರಂಭದಲ್ಲಿ ಬೇಕಾಗಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್. ಮಗು ಬಿದ್ದು ಕಾಲು ತಿರುಚುವಾಗ ಇದು ತಾನಾಗಿ ಬಿಚ್ಚಿಕೊಳ್ಳಬೇಕು. ಬಿಚ್ಚಿಕೊಳ್ಳದಿದ್ದರೆ ಉದ್ದನೆಯ ಸ್ಕೀ ಸನ್ನೆಕೋಲಿನಂತೆ ಕಾಲಿನ ಮೂಳೆಯನ್ನು ತಿರುಚುತ್ತದೆ. ಅದರ ಬಿಗಿಯನ್ನು ಮಗುವಿನ ತೂಕ, ಎತ್ತರ, ವಯಸ್ಸು, ಆಟದ ಅನುಭವ, ಬೂಟಿನ ಅಡಿಯ ಉದ್ದ ಇವುಗಳನ್ನು ನೋಡಿ ತರಬೇತಿ ಪಡೆದವರು ನಿಗದಿಪಡಿಸುತ್ತಾರೆ. ಬಸ್ಸಿನಲ್ಲಿ ಅರ್ಧ ಟಿಕೆಟಿಗಾಗಿ ವಯಸ್ಸು ಇಳಿಸಿ ಹೇಳುವ ಅಭ್ಯಾಸ ಇಲ್ಲಿ ಬೇಡ. ತೂಕವನ್ನೂ ವಯಸ್ಸನ್ನೂ ಇದ್ದಂತೆಯೇ ಹೇಳಿರಿ. ಅಣ್ಣನಿಗೆ ಬಿಗಿಗೊಳಿಸಿದ ಸ್ಕೀಯನ್ನು ಹಾಗೆಯೇ ತಂಗಿಗೆ ಕೊಡಬಾರದು. ಅವಳ ತೂಕಕ್ಕೆ ಅದು ಬಿಚ್ಚಿಕೊಳ್ಳದೆ ಹೋಗಬಹುದು.

ಹೆಲ್ಮೆಟ್ ಸ್ಕೀ ಆಟಕ್ಕೆಂದೇ ತಯಾರಾದುದಾಗಿರಬೇಕು. ಇಎನ್ 1077 ಅಥವಾ ಎಎಸ್‌ಟಿಎಂ ಎಫ್ 2040 ಎಂಬ ಗುರುತನ್ನು ಒಳಭಾಗದಲ್ಲಿ ನೋಡಿರಿ. ಪಟ್ಟಿ ಬಿಗಿಯುವ ಮೊದಲೇ ಮಗು ತಲೆಯಲ್ಲಾಡಿಸಿದರೂ ಅದು ಜರುಗಬಾರದು. ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಎತ್ತರ ಏರಿದಂತೆ ನೇರಳಾತೀತ ಕಿರಣಗಳು ತೀಕ್ಷ್ಣವಾಗುತ್ತವೆ. ಹೊಸ ಹಿಮವು ಅವುಗಳ ಬಹುಭಾಗವನ್ನು ಪ್ರತಿಫಲಿಸುತ್ತದೆ. ಆದ್ದರಿಂದ ಕಣ್ಣಿಗೆ ಗಾಗಲ್ಸ್ ಅನಿವಾರ್ಯ. ಒಳಗೆ ಹತ್ತಿಯ ಬದಲು ಉಣ್ಣೆಯ ಉಡುಪು ತೊಡಿಸಿರಿ. ಒದ್ದೆಯಾದ ಹತ್ತಿ ಮೈಯನ್ನು ತಣ್ಣಗಾಗಿಸುತ್ತದೆ.

ಕೊನೆಯದಾಗಿ, ಕನ್ನಡ ಮಾಧ್ಯಮದ ಪೋಷಕರಿಗೆ ವಿಶೇಷವಾಗಿ ಒಂದು ಮಾತು. ಬಾಡಿಗೆ ಅಂಗಡಿಯಲ್ಲಿ ವ್ಯವಹಾರ ನಡೆಯುವುದು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ. ಪರಿಚಯವಿಲ್ಲದ ಭಾಷೆಯಲ್ಲಿ ಪ್ರಶ್ನೆ ಬಂದಾಗ, ನೋವಿದ್ದರೂ ತಲೆಯಾಡಿಸಿ ಸುಮ್ಮನಾಗುವ ಮಕ್ಕಳನ್ನು ನಾವು ದಿನವೂ ಕಾಣುತ್ತೇವೆ. ಬೂಟು ತೊಡಿಸಿ ಹತ್ತು ನಿಮಿಷ ನಡೆದಾಡಿಸಿದ ಬಳಿಕ ಪಕ್ಕದಲ್ಲಿ ಕುಳಿತು ಮನೆಮಾತಿನಲ್ಲೇ ಕೇಳಿರಿ: ಬರೀ ಬಿಗಿಯೇ, ನೋವೇ? ಎಲ್ಲಿ ಒತ್ತುತ್ತಿದೆ? ಮಗು ಹೇಳಿದ್ದನ್ನು ನೀವೇ ಅಂಗಡಿಯವರಿಗೆ ತಿಳಿಸಿರಿ. ಸರಿಯಾದುದು ಸಿಗುವವರೆಗೆ ಬೂಟು ಬದಲಿಸಿ ಕೊಡುವಂತೆ ಕೇಳಲು ಸಂಕೋಚ ಬೇಡ. ಮುಂದಿನ ವರ್ಷ ಮತ್ತೆ ಹೋಗುವುದಾದರೆ ಹಳೆಯ ಚೀಟಿಯನ್ನು ನೆಚ್ಚದೆ, ಪಾದವನ್ನು ಹೊಸದಾಗಿ ಅಳೆಯಿರಿ.