ನಿಯಮವೇ ತೆರೆಯುವ ಅಂಚೆಪೆಟ್ಟಿಗೆ

ಕಾಲೇಜಿಗೆ ಹೊಸದಾಗಿ ಸೇರುವ ವಿದ್ಯಾರ್ಥಿಯೊಬ್ಬನು ಬೆಳಗ್ಗೆ ಕಛೇರಿಯ ಕಿಟಕಿಯ ಮುಂದೆ ಸರತಿಯಲ್ಲಿ ನಿಂತು, ಅರ್ಜಿಯನ್ನೂ ಶುಲ್ಕವನ್ನೂ ಸಲ್ಲಿಸಿ ಮನೆಗೆ ಹಿಂದಿರುಗುತ್ತಾನೆ. ಸಂಜೆಯ ವೇಳೆಗೆ ಅವನ ಹೆಸರಿನಲ್ಲಿ ಕಾಲೇಜಿನ ಇ-ಮೇಲ್ ವಿಳಾಸವೊಂದು ಸಿದ್ಧವಾಗಿರುತ್ತದೆ. ಅದರೊಳಗೆ ಸ್ವಾಗತಪತ್ರವೂ ಬಂದು ಕುಳಿತಿರುತ್ತದೆ. ಈ ಪೆಟ್ಟಿಗೆಯನ್ನು ತೆರೆದವರು ಯಾರು? ಗುಮಾಸ್ತರನ್ನು ಕೇಳಿದರೆ, ತಾವು ಹೆಸರನ್ನು ದಾಖಲೆಯಲ್ಲಿ ಬರೆದುದಷ್ಟೇ ಎನ್ನುವರು. ಕಂಪ್ಯೂಟರ್ ವಿಭಾಗದವರನ್ನು ಕೇಳಿದರೆ, ಆ ದಿನ ತಾವು ಯಾವ ಪೆಟ್ಟಿಗೆಯನ್ನೂ ತೆರೆಯಲಿಲ್ಲವೆನ್ನುವರು. ಇಬ್ಬರ ಮಾತೂ ನಿಜ. ಪೆಟ್ಟಿಗೆಯನ್ನು ತೆರೆದದ್ದು ಎಂದೋ ಬರೆದಿಟ್ಟ ಒಂದು ನಿಯಮ. ಇಂಥ ನಿಯಮವು ಹೇಗೆ ಕೆಲಸಮಾಡುವುದು, ಎಲ್ಲಿ ಎಡವುವುದು ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಪೆಟ್ಟಿಗೆ ಎಂದರೇನು?

ಇ-ಮೇಲಿನ ಪೆಟ್ಟಿಗೆಗೆ ತಗಡೂ ಇಲ್ಲ, ಮುಚ್ಚಳವೂ ಇಲ್ಲ. ಅದು ಕಂಪ್ಯೂಟರಿನಲ್ಲಿ ಒಬ್ಬ ವ್ಯಕ್ತಿಯ ಪತ್ರಗಳಿಗೆಂದು ಮೀಸಲಾದ ಸ್ಥಳ. ೧೯೬೫ರಲ್ಲಿ ಅಮೆರಿಕದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಟಾಮ್ ವ್ಯಾನ್ ವ್ಲೆಕ್ ಮತ್ತು ನೋಯೆಲ್ ಮಾರಿಸ್ ಎಂಬವರು, ಅನೇಕರು ಹಂಚಿಕೊಂಡು ಬಳಸುತ್ತಿದ್ದ ಒಂದೇ ಕಂಪ್ಯೂಟರಿನಲ್ಲಿ ಪತ್ರ ಕಳುಹಿಸುವ ವ್ಯವಸ್ಥೆಯೊಂದನ್ನು ರಚಿಸಿದರು. ಕಳುಹಿಸಿದ ಪತ್ರವು, ಅದನ್ನು ಪಡೆಯತಕ್ಕವನ ‘ಮೇಲ್ ಬಾಕ್ಸ್’ ಎಂಬ ಕಡತದ ಕೊನೆಗೆ ಹೋಗಿ ಸೇರುತ್ತಿದ್ದಿತು. ೧೯೭೧ರಲ್ಲಿ ರೇ ಟಾಮ್ಲಿನ್ಸನ್ ಎಂಬ ಎಂಜಿನಿಯರು ಆರ್ಪಾನೆಟ್ ಜಾಲದಲ್ಲಿ ಒಂದು ಯಂತ್ರದಿಂದ ಮತ್ತೊಂದಕ್ಕೆ ಪತ್ರ ಕಳುಹಿಸಿದರು. ವ್ಯಕ್ತಿಯ ಹೆಸರನ್ನೂ ಯಂತ್ರದ ಹೆಸರನ್ನೂ ಬೇರ್ಪಡಿಸಲು, ‘ಆಟ್’ ಎಂದು ಓದುವ ಸುರುಳಿ ಚಿಹ್ನೆಯನ್ನು ಆರಿಸಿದವರೂ ಅವರೇ.

ಇಂದಿನ ಪೆಟ್ಟಿಗೆಯೊಂದನ್ನು ತೆರೆಯಬೇಕಾದರೆ ನಾಲ್ಕು ಕೆಲಸಗಳಾಗಬೇಕು. ಸಂಸ್ಥೆಯ ಸದಸ್ಯರ ಪಟ್ಟಿಯಲ್ಲಿ ವ್ಯಕ್ತಿಯ ಹೆಸರು ಸೇರಬೇಕು. ಅವನಿಗೆ ಬೇರೆ ಯಾರಿಗೂ ಇಲ್ಲದ ವಿಳಾಸವೊಂದು ದೊರೆಯಬೇಕು. ಪತ್ರಗಳನ್ನಿಡಲು ಯಾವುದಾದರೊಂದು ಡೇಟಾಬೇಸಿನಲ್ಲಿ ಮಿತಿಯುಳ್ಳ ಸ್ಥಳ ಸಿಕ್ಕಬೇಕು. ಅದನ್ನು ಓದುವ ಅಧಿಕಾರ ಅವನೊಬ್ಬನಿಗೇ ಇರಬೇಕು. ಇಷ್ಟನ್ನೂ ಕೈಯಿಂದ ಮಾಡಲು ಒಬ್ಬರಿಗೆ ಐದು ನಿಮಿಷ ಹಿಡಿಯುವುದೆಂದು ಭಾವಿಸೋಣ. ಸಾವಿರ ವಿದ್ಯಾರ್ಥಿಗಳಿಗೆ ೫೦೦೦ ನಿಮಿಷ, ಎಂದರೆ ೮೩ ಗಂಟೆಗಳಿಗೂ ಹೆಚ್ಚು ಕಾಲ ಬೇಕು. ದಿನಕ್ಕೆ ಎಂಟು ಗಂಟೆ ದುಡಿದರೂ ಹತ್ತು ದಿನಗಳಲ್ಲಿ ಮುಗಿಯದು. ಆಯಾಸಗೊಂಡ ಕೈ ಎಲ್ಲೆಲ್ಲಿ ಅಕ್ಷರ ತಪ್ಪಿಸುವುದೋ ಹೇಳಬರುವಂತಿಲ್ಲ.

ಆಜ್ಞೆ ಮತ್ತು ನಿಯಮ

‘ಈ ಹುಡುಗನಿಗೆ ಪೆಟ್ಟಿಗೆಯನ್ನು ತೆರೆ’ ಎಂಬುದು ಆಜ್ಞೆ. ‘ದಾಖಲೆಯಲ್ಲಿ ವಿದ್ಯಾರ್ಥಿಯೆಂದು ನಮೂದಾದ ಪ್ರತಿಯೊಬ್ಬರಿಗೂ ಪೆಟ್ಟಿಗೆ ಇರತಕ್ಕದ್ದು’ ಎಂಬುದು ನಿಯಮ. ಆಜ್ಞೆಯು ಒಬ್ಬನಿಗೆ ಸಂಬಂಧಿಸಿ ಅಲ್ಲಿಗೇ ಮುಗಿಯುವುದು. ನಿಯಮವಾದರೋ ಇನ್ನೂ ಕಾಲೇಜಿನ ಮೆಟ್ಟಿಲು ಹತ್ತದವರಿಗೂ ಈಗಲೇ ಅನ್ವಯಿಸುವುದು.

ಮೈಕ್ರೋಸಾಫ್ಟ್ ಕಂಪನಿಯ ಎಕ್ಸ್‌ಚೇಂಜ್ ಎಂಬ ಅಂಚೆವ್ಯವಸ್ಥೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ವಿಳಾಸಗಳನ್ನು ಗೊತ್ತುಮಾಡಲು ೨೦೦೭ರ ಆವೃತ್ತಿಯಿಂದೀಚೆಗೆ ಅದರಲ್ಲಿ ‘ವಿಳಾಸನೀತಿ’ ಎನ್ನಬಹುದಾದ ನಿಯಮಗಳಿವೆ. ಪ್ರತಿಯೊಂದು ನೀತಿಗೂ ಮೂರು ಅಂಗಗಳು. ಮೊದಲನೆಯದು ಜರಡಿ: ಯಾರಿಗೆ ಈ ನೀತಿ ಅನ್ವಯಿಸುವುದೆಂಬುದನ್ನು ಅದು ವಿಭಾಗ, ಊರು ಮುಂತಾದವುಗಳಿಂದ ಸೋಸಿ ತೆಗೆಯುವುದು. ಎರಡನೆಯದು ಅಚ್ಚು: ಹೆಸರಿನ ಯಾವ ಭಾಗಗಳನ್ನು ಯಾವ ಕ್ರಮದಲ್ಲಿ ಜೋಡಿಸಿ ವಿಳಾಸ ಮಾಡಬೇಕೆಂಬುದು. ಮೂರನೆಯದು ಆದ್ಯತೆ: ಒಬ್ಬ ವ್ಯಕ್ತಿ ಎರಡು ನೀತಿಗಳ ಜರಡಿಗೂ ಸಿಕ್ಕಿದರೆ, ಮೇಲಿನ ಆದ್ಯತೆಯ ನೀತಿ ಮಾತ್ರ ನಡೆಯುವುದು. ಯಾವುದಕ್ಕೂ ಸಿಕ್ಕದವರಿಗಾಗಿ ಎಲ್ಲಕ್ಕೂ ಕೆಳಗೆ ಒಂದು ಸಾಮಾನ್ಯ ನೀತಿ ಇದ್ದೇ ಇರುವುದು. ೨೦೧೦ರ ಆವೃತ್ತಿಯಿಂದ ಮತ್ತೊಂದು ಸೌಕರ್ಯವೂ ಒದಗಿತು. ಪೆಟ್ಟಿಗೆಯನ್ನು ಯಾವ ಡೇಟಾಬೇಸಿನಲ್ಲಿಡಬೇಕೆಂದು ಅಧಿಕಾರಿ ಹೇಳದಿದ್ದರೆ, ವ್ಯವಸ್ಥೆಯೇ ಲಭ್ಯವಿರುವವುಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು.

ವಿಳಾಸನೀತಿಯು ಹೆಸರಿಡುವುದೇ ಹೊರತು ಪೆಟ್ಟಿಗೆಯನ್ನು ಹುಟ್ಟಿಸುವುದಿಲ್ಲ. ಹುಟ್ಟಿಸುವುದಕ್ಕೆ ಬೇರೆ ಮಾರ್ಗಗಳುಂಟು. ಅದೇ ಕಂಪನಿಯ ಮೈಕ್ರೋಸಾಫ್ಟ್ ೩೬೫ ಎಂಬ ಸೇವೆಯಲ್ಲಿ ಅಂಚೆಯ ಪರವಾನಗಿಯನ್ನು ಒಂದು ಗುಂಪಿಗೇ ಕೊಟ್ಟುಬಿಡಬಹುದು. ಗುಂಪಿಗೆ ಸೇರಿದವರಿಗೆ ಪರವಾನಗಿ ತಾನಾಗಿ ದೊರೆತು, ಅದರ ಹಿಂದೆಯೇ ಪೆಟ್ಟಿಗೆಯೂ ತೆರೆದುಕೊಳ್ಳುವುದು. ಗುಂಪಿಗೆ ಯಾರು ಸೇರಬೇಕೆಂಬುದನ್ನೂ ‘ಭೌತಶಾಸ್ತ್ರ ವಿಭಾಗದವರೆಲ್ಲರೂ’ ಎಂಬಂಥ ನಿಯಮವೇ ನಿರ್ಧರಿಸಬಹುದು. ಪ್ರವೇಶದ ದಾಖಲೆ ಒಂದು ವ್ಯವಸ್ಥೆಯಲ್ಲಿಯೂ ಅಂಚೆ ಇನ್ನೊಂದರಲ್ಲಿಯೂ ಇರುವಾಗ, ಇವೆರಡೂ ಪರಸ್ಪರ ಮಾತನಾಡಲು ಸಮಾನವಾದ ಭಾಷೆ ಬೇಕಷ್ಟೆ. ‘ಸ್ಕಿಮ್’ ಎಂಬ ಅಂಥ ಭಾಷೆಯೊಂದು ೨೦೧೫ರಲ್ಲಿ ಇಂಟರ್ನೆಟ್ಟಿನ ಮಾನಕಗಳ ಸಾಲಿಗೆ ಸೇರಿತು.

ಇಸ್ತ್ರಿಪೆಟ್ಟಿಗೆಯ ಪಾಠ

ಈ ಕ್ರಿಯೆಯ ತಿರುಳು ಮನೆಯ ವಿದ್ಯುತ್ ಇಸ್ತ್ರಿಪೆಟ್ಟಿಗೆಯಲ್ಲಿಯೇ ಇದೆ. ಅದರೊಳಗೆ ಎರಡು ಲೋಹಗಳನ್ನು ಬೆಸೆದ ಪಟ್ಟಿಯೊಂದಿರುವುದು. ಶಾಖ ಏರಿದಾಗ ಒಂದು ಲೋಹವು ಇನ್ನೊಂದಕ್ಕಿಂತ ಹೆಚ್ಚಾಗಿ ಹಿಗ್ಗುವುದರಿಂದ ಪಟ್ಟಿ ಬಾಗಿ, ವಿದ್ಯುತ್ತಿನ ಸಂಪರ್ಕ ತಪ್ಪುವುದು. ತಣಿದಾಗ ಪಟ್ಟಿ ಮತ್ತೆ ನೆಟ್ಟಗಾಗಿ ಸಂಪರ್ಕ ಕೂಡುವುದು. ಬೇಕಾದ ಉಷ್ಣತೆ ಎಷ್ಟು, ಈಗಿರುವುದು ಎಷ್ಟು ಎಂಬ ಎರಡನ್ನು ಹೋಲಿಸಿ, ವ್ಯತ್ಯಾಸವಿದ್ದರೆ ಮಾತ್ರ ಅದು ಕೆಲಸಮಾಡುವುದು.

ಅಂಚೆಯ ನಿಯಮವೂ ಹಾಗೆಯೇ. ಅದು ಆಗಾಗ ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು: ಯಾರಿಗೆ ಪೆಟ್ಟಿಗೆ ಇರಬೇಕು, ಯಾರಿಗೆ ಇದೆ. ಮೊದಲ ಪಟ್ಟಿಯಲ್ಲಿದ್ದು ಎರಡನೆಯದರಲ್ಲಿ ಇಲ್ಲದವರಿಗೆ ಪೆಟ್ಟಿಗೆಯನ್ನು ತೆರೆಯುವುದು. ಎರಡರಲ್ಲಿಯೂ ಇರುವವರ ಗೊಡವೆಗೆ ಹೋಗದು. ಆದುದರಿಂದ ಅದೇ ನಿಯಮವನ್ನು ದಿನಕ್ಕೆ ಹತ್ತು ಸಲ ನಡೆಸಿದರೂ ಒಬ್ಬನಿಗೆ ಹತ್ತು ಪೆಟ್ಟಿಗೆಗಳಾಗುವುದಿಲ್ಲ. ನಡುವೆ ವಿದ್ಯುತ್ತು ಹೋಗಿ ಕೆಲಸ ನಿಂತರೂ ಚಿಂತೆಯಿಲ್ಲ. ಮುಂದಿನ ಸರತಿಯಲ್ಲಿ ಉಳಿದದ್ದು ಪೂರೈಸುವುದು.

ಆದರೆ ಇಸ್ತ್ರಿಪೆಟ್ಟಿಗೆಯ ಇನ್ನೊಂದು ಗುಣವನ್ನೂ ನೆನೆಯಬೇಕು. ಕೆಳಗಿರುವುದು ರೇಷ್ಮೆಯೋ ಹತ್ತಿಯೋ ಅದಕ್ಕೆ ತಿಳಿಯದು. ತಿರುಗುಗುಂಡಿಯನ್ನು ಹತ್ತಿಗೆ ತಿರುಗಿಸಿ ರೇಷ್ಮೆಯ ಮೇಲಿಟ್ಟರೆ, ಯಂತ್ರವು ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿ ಬಟ್ಟೆಯನ್ನು ಸುಡುವುದು. ನಿಯಮದ ಅಪಾಯವೂ ಇದೇ ಬಗೆಯದು.

ನಮ್ಮ ಹೆಸರುಗಳೂ ಅವರ ಅಚ್ಚೂ

ವಿಳಾಸದ ಅಚ್ಚುಗಳಲ್ಲಿ ಬಹಳ ರೂಢಿಯಾದುದು ‘ಮೊದಲ ಹೆಸರು, ಚುಕ್ಕೆ, ಕುಲನಾಮ’ ಎಂಬುದು. ಹೆಸರು ಎರಡು ಭಾಗಗಳಾಗಿಯೇ ಇರುವುದೆಂಬ ಭಾವನೆ ಇದರ ಹಿಂದಿದೆ. ನಮ್ಮಲ್ಲಿ ಅನೇಕರಿಗೆ ಕುಲನಾಮವೇ ಇಲ್ಲ. ಎಚ್. ಎನ್. ಮಂಜುನಾಥ ಎಂಬಲ್ಲಿ ‘ಎಚ್’ ಊರಿನದು, ‘ಎನ್’ ತಂದೆಯದು ಆಗಿರಬಹುದು. ಅರ್ಜಿಯಲ್ಲಿ ಕುಲನಾಮದ ಜಾಗ ತುಂಬಲೇಬೇಕೆಂದಾಗ ಒಬ್ಬರು ತಂದೆಯ ಹೆಸರು ಬರೆಯುವರು, ಇನ್ನೊಬ್ಬರು ಒಂದೇ ಅಕ್ಷರ ಬರೆಯುವರು, ಮತ್ತೊಬ್ಬರು ತಮ್ಮ ಹೆಸರನ್ನೇ ಎರಡು ಸಲ ಬರೆಯುವರು. ನಿಯಮವು ಇವೆಲ್ಲವನ್ನೂ ಕುಲನಾಮವೆಂದೇ ನಂಬಿ ವಿಳಾಸವನ್ನು ಹೆಣೆಯುವುದು.

ಲಿಪಿಯ ತೊಡಕು ಬೇರೆ. ‘ಲಕ್ಷ್ಮಿ’ ಎಂಬುದನ್ನು ರೋಮನ್ ಲಿಪಿಯಲ್ಲಿ ಕೆಲವರು ‘ಎಕ್ಸ್’ ಅಕ್ಷರದಿಂದ, ಕೆಲವರು ‘ಕೆ, ಎಸ್, ಎಚ್’ ಅಕ್ಷರಗಳಿಂದ ಬರೆಯುವರು. ಕನ್ನಡ ಲಿಪಿಯಲ್ಲಿಯೇ ವಿಳಾಸವಿಡಲು ೨೦೧೨ರ ಮಾನಕಗಳು ಅವಕಾಶ ಕೊಟ್ಟಿವೆ. ಆದರೆ ಲೆಕ್ಕವೊಂದನ್ನು ಗಮನಿಸಬೇಕು. ವಿಳಾಸದಲ್ಲಿ ಆಟ್ ಚಿಹ್ನೆಗಿಂತ ಹಿಂದಿನ ಭಾಗ ೬೪ ಬೈಟುಗಳನ್ನು ಮೀರಬಾರದು. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು ಬೇಕು. ‘ಲಕ್ಷ್ಮಿ’ ನಮ್ಮ ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರಿಗಾದರೋ ವ್ಯಂಜನ, ವಿರಾಮ, ಸ್ವರಚಿಹ್ನೆಗಳೆಲ್ಲ ಸೇರಿ ಏಳು ಸಂಕೇತ, ೨೧ ಬೈಟು. ಒಂದು ಪುಟ್ಟ ಹೆಸರಿಗೇ ಮೂರರಲ್ಲೊಂದು ಪಾಲು ಜಾಗ ಮುಗಿಯಿತು.

ಒಂದೇ ಹೆಸರಿನವರು ಇಬ್ಬರಿದ್ದರೆ, ಎರಡನೆಯವರ ವಿಳಾಸದ ಕೊನೆಗೆ ಅಂಕಿಯೊಂದನ್ನು ಹಚ್ಚುವುದು ವಾಡಿಕೆ. ವಿಳಾಸಗಳು ಬೇರೆಯಾದವೆಂದು ಯಂತ್ರಕ್ಕೆ ಸಮಾಧಾನ. ನನ್ನ ತರಗತಿಯೊಂದರಲ್ಲಿ ಹಾಗೆ ಒಂದೇ ಹೆಸರಿನ ಇಬ್ಬರು ವಿದ್ಯಾರ್ಥಿನಿಯರಿದ್ದರು. ಪ್ರಯೋಗಪರೀಕ್ಷೆಯ ದಿನ ಹಿಂದಕ್ಕೆ ಬಂದಾಗ, ಒಬ್ಬಳಿಗೆ ತಿಳಿಸಬೇಕಾಗಿ ಬಂದು, ನಾನು ಹೆಸರಿನ ಮೊದಲ ಅಕ್ಷರಗಳನ್ನು ಒತ್ತಿ, ಪರದೆಯು ತೋರಿದ ಮೊದಲ ವಿಳಾಸಕ್ಕೇ ಪತ್ರ ಕಳುಹಿಸಿಬಿಟ್ಟೆ. ಎರಡು ದಿನ ತಡವಾಗಿ, ರೆಕಾರ್ಡು ಪುಸ್ತಕ ಹಿಡಿದು ಪ್ರಯೋಗಶಾಲೆಯ ಬಾಗಿಲಲ್ಲಿ ಬಂದು ನಿಂತವಳು ‘ಎರಡು’ ಎಂಬ ಅಂಕಿಯುಳ್ಳವಳು. ಅವಳಿಗೆ ಮತ್ತೆ ಪರೀಕ್ಷೆ ನಡೆಸಲು ಅನುಮತಿ ದೊರೆತದ್ದು ಅವಳ ಅದೃಷ್ಟ. ತಪ್ಪು ನನ್ನದು, ಆದರೆ ಆ ತಪ್ಪು ಸುಲಭವಾಗುವಂತೆ ಮಾಡಿದ್ದು ಆ ಅಚ್ಚು. ವ್ಯಕ್ತಿಯನ್ನು ಹೆಸರಿನಿಂದಲ್ಲದೆ ನೋಂದಣಿಸಂಖ್ಯೆಯಿಂದ ಗುರುತಿಸಿ, ವಿಳಾಸದಲ್ಲಿಯೂ ಅದನ್ನು ಸೇರಿಸಿದರೆ ಇಂಥ ಗೊಂದಲ ಬಹುಮಟ್ಟಿಗೆ ತಪ್ಪುವುದು.

ಮುಚ್ಚುವ ನಿಯಮ

ಪೆಟ್ಟಿಗೆಯನ್ನು ತೆರೆಯುವ ನಿಯಮ ಬರೆದವರು ಮುಚ್ಚುವ ನಿಯಮವನ್ನೂ ಬರೆಯಬೇಕು. ಇಲ್ಲವಾದರೆ ಸಂಸ್ಥೆಯನ್ನು ಬಿಟ್ಟುಹೋದವರ ಅಧಿಕಾರ ಹಾಗೆಯೇ ಉಳಿಯುವುದು. ಯಾರೂ ನೋಡದ ಪೆಟ್ಟಿಗೆ ಕಳ್ಳರಿಗೆ ಅನುಕೂಲ. ಆದರೆ ಮುಚ್ಚುವಾಗ ಎಚ್ಚರ ಇಮ್ಮಡಿಯಾಗಿರಬೇಕು. ಮೈಕ್ರೋಸಾಫ್ಟ್ ೩೬೫ರಲ್ಲಿ ಪರವಾನಗಿಯನ್ನು ಹಿಂತೆಗೆದರೆ ಪೆಟ್ಟಿಗೆಯ ಪತ್ರಗಳು ಸಾಮಾನ್ಯವಾಗಿ ೩೦ ದಿನ ಉಳಿದಿದ್ದು ಆಮೇಲೆ ಅಳಿಯುವುವು. ದಾಖಲೆಯಲ್ಲಿ ಒಬ್ಬ ವಿದ್ಯಾರ್ಥಿಯ ಮುಂದೆ ‘ಬಿಟ್ಟುಹೋಗಿದ್ದಾನೆ’ ಎಂದು ತಪ್ಪಾಗಿ ಬರೆದರೆ, ನಿಯಮವು ಅದನ್ನೇ ಸತ್ಯವೆಂದು ನಡೆಸುವುದು. ಅದನ್ನು ಸರಿಪಡಿಸಲು ಇರುವ ಸಮಯ ಆ ೩೦ ದಿನಗಳು.

ಈ ಕಾರಣದಿಂದಲೇ ಒಳ್ಳೆಯ ವ್ಯವಸ್ಥೆಗಳಲ್ಲಿ ಬಿರಿಯೊಂದನ್ನು ಇಟ್ಟಿರುತ್ತಾರೆ. ಸಂಸ್ಥೆಯ ಸದಸ್ಯರ ಪಟ್ಟಿಯನ್ನು ಮೈಕ್ರೋಸಾಫ್ಟಿನ ಸೇವೆಯೊಡನೆ ಹೊಂದಿಸುವ ಉಪಕರಣವು, ಒಂದೇ ಸಲಕ್ಕೆ ೫೦೦ಕ್ಕಿಂತ ಹೆಚ್ಚು ನಮೂದುಗಳನ್ನು ಅಳಿಸಬೇಕಾಗಿ ಬಂದರೆ ನಿಂತುಬಿಡುವುದು. ಬೇರೆ ಮಿತಿಯನ್ನು ಗೊತ್ತುಮಾಡುವವರೆಗೆ ಇದೇ ಅದರ ಮಿತಿ. ಮನುಷ್ಯನೊಬ್ಬನು ಬಂದು ನೋಡಿ ಸರಿಯೆಂದ ಮೇಲೆಯೇ ಅದು ಮುಂದುವರಿಯುವುದು.

ಮುಚ್ಚಿದ ಪೆಟ್ಟಿಗೆಯ ವಿಳಾಸವನ್ನು ಇನ್ನೊಬ್ಬರಿಗೆ ಕೊಡಬಹುದೆ? ೨೦೧೩ರಲ್ಲಿ ಯಾಹೂ ಕಂಪನಿ, ವರ್ಷಕ್ಕೂ ಮೀರಿ ಬಳಸದೆ ಬಿಟ್ಟ ವಿಳಾಸಗಳನ್ನು ಹೊಸಬರಿಗೆ ಹಂಚಿತು. ಹಳಬರಿಗೆ ಬರತಕ್ಕ ಖಾಸಗಿ ಪತ್ರಗಳು ಹೊಸಬರ ಕೈ ಸೇರಿದುವೆಂಬ ದೂರುಗಳೆದ್ದುವು. ‘ಇಂಥ ದಿನದಿಂದಲೂ ಈ ವಿಳಾಸ ಒಬ್ಬರದೇ ಆಗಿದ್ದರೆ ಮಾತ್ರ ಪತ್ರವನ್ನು ತಲುಪಿಸು’ ಎಂದು ಪತ್ರದ ತಲೆಯಲ್ಲಿ ಬರೆಯುವ ಹೊಸ ಮಾನಕವೊಂದು ೨೦೧೪ರಲ್ಲಿ ಹೊರಟಿತು. ಒಮ್ಮೆ ಒಬ್ಬರಿಗೆ ಕೊಟ್ಟ ವಿಳಾಸವನ್ನು ಮತ್ತೊಬ್ಬರಿಗೆ ಕೊಡದಿರುವುದೇ ಸರಳವಾದ ಮಾರ್ಗ.

ಕೊನೆಯ ಪೆಟ್ಟಿಗೆ

ಮನುಷ್ಯನು ತಪ್ಪುಮಾಡಿದರೆ ಒಬ್ಬನ ಪತ್ರ ತಪ್ಪುವುದು. ನಿಯಮ ತಪ್ಪಾದರೆ ಸಾವಿರ ಜನರ ಪತ್ರ ಒಂದೇ ರೀತಿಯಲ್ಲಿ ತಪ್ಪುವುದು. ಆದುದರಿಂದ ನಿಯಮವನ್ನು ಬರೆಯುವವರು ತಾಂತ್ರಿಕ ಜ್ಞಾನದೊಡನೆ, ಅದಕ್ಕೆ ಒಳಗಾಗುವ ಜನರ ಹೆಸರು, ಲಿಪಿ, ರೂಢಿಗಳನ್ನೂ ತಿಳಿದಿರಬೇಕು. ಅದು ಓದುವ ದಾಖಲೆಯೂ ಶುದ್ಧವಾಗಿರಬೇಕು. ವಿದ್ಯಾರ್ಥಿಗಳು ಅರ್ಜಿಯಲ್ಲಿ ತಮ್ಮ ಹೆಸರನ್ನು ಎಲ್ಲ ಕಡೆಯೂ ಒಂದೇ ರೀತಿಯಾಗಿ ಬರೆಯುವುದು, ಪೆಟ್ಟಿಗೆ ದೊರೆತ ದಿನವೇ ಒಂದು ಪತ್ರ ಕಳುಹಿಸಿ ಪರೀಕ್ಷಿಸುವುದು ಲೇಸು.

ಇ-ಮೇಲಿನ ಮಾನಕಗಳಲ್ಲಿ ೧೯೮೨ರಿಂದ ಒಂದು ವಿಧಿ ಇದೆ. ಪತ್ರ ಸ್ವೀಕರಿಸುವ ಪ್ರತಿಯೊಂದು ತಾಣದಲ್ಲಿಯೂ ‘ಪೋಸ್ಟ್‌ಮಾಸ್ಟರ್’ ಎಂಬ ವಿಳಾಸವು ಇರಲೇಬೇಕು. ಅಲ್ಲಿಗೆ ಬಂದ ಪತ್ರವು ಆ ಅಂಚೆಯ ಹೊಣೆ ಹೊತ್ತ ಒಬ್ಬ ವ್ಯಕ್ತಿಗೆ ಮುಟ್ಟಬೇಕು. ಉಳಿದ ಪೆಟ್ಟಿಗೆಗಳನ್ನೆಲ್ಲ ನಿಯಮವೇ ತೆರೆಯಲಿ, ನಿಯಮವೇ ಮುಚ್ಚಲಿ. ‘ನನ್ನ ಪತ್ರ ನನಗೆ ಬರಲಿಲ್ಲ’ ಎಂಬ ದೂರು ಬಂದು ಬೀಳುವ ಈ ಒಂದು ಪೆಟ್ಟಿಗೆಯನ್ನು ಮಾತ್ರ ಮನುಷ್ಯನೇ ದಿನವೂ ತೆರೆದು ಓದಬೇಕು.