ಮಸಾಲೆ ಚಹಾ: ಮಾಡುವ ಕ್ರಮ, ಕುಡಿಯುವ ಹೊತ್ತು

ಮಳೆ ಹಿಡಿಯಿತೆಂದರೆ ನಮ್ಮ ಮನೆಗಳಲ್ಲಿ ಚಹಾಕ್ಕೆ ಶುಂಠಿ ಬೀಳುತ್ತದೆ. ನೆಗಡಿಯಾದರೆ ಎರಡು ಕಾಳುಮೆಣಸು, ನೆಂಟರು ಬಂದರೆ ಏಲಕ್ಕಿ. ಮಸಾಲೆ ಹಾಕಿದ ಚಹಾ ಔಷಧವಿದ್ದಂತೆ ಎಂದುಕೊಂಡು ದಿನಕ್ಕೆ ನಾಲ್ಕೈದು ಲೋಟ ಕುಡಿಯುವವರೂ ಇದ್ದಾರೆ. ಆದರೆ ಚಹಾಕ್ಕೆ ಏನೇನು ಹಾಕುತ್ತೀರಿ ಎಂಬುದಕ್ಕಿಂತ, ಅದನ್ನು ಯಾವ ಹೊತ್ತಿನಲ್ಲಿ ಕುಡಿಯುತ್ತೀರಿ ಎಂಬುದು ನಿಮ್ಮ ಆರೋಗ್ಯಕ್ಕೆ ಹೆಚ್ಚು ಮುಖ್ಯ. ಅದಕ್ಕೆ ಬರುವ ಮೊದಲು ಚಹಾ ಮಾಡುವ ಕ್ರಮ ನೋಡೋಣ.

ಎರಡು ಲೋಟ ಚಹಾಕ್ಕೆ ಒಂದೂಕಾಲು ಲೋಟ ನೀರಿಡಿ. ಅರ್ಧ ಅಂಗುಲ ಹಸಿಶುಂಠಿ, ಒಂದು ಲವಂಗ, ಎರಡು ಕಾಳುಮೆಣಸು ಕುಟ್ಟಾಣಿಯಲ್ಲಿ ಜಜ್ಜಿ ನೀರಿಗೆ ಹಾಕಿ ಮೂರು ನಾಲ್ಕು ನಿಮಿಷ ಕುದಿಸಿ. ಶುಂಠಿ ಹಾಕಿದರೆ ಹಾಲು ಒಡೆಯುತ್ತದೆಂದು ಹಲವು ಗೃಹಿಣಿಯರು ದೂರುತ್ತಾರೆ. ಹಾಲಿನ ತಪ್ಪಲ್ಲ. ಹಸಿಶುಂಠಿಯಲ್ಲಿ ಹಾಲನ್ನು ಒಡೆಯುವ ಒಂದು ಕಿಣ್ವವಿದೆ. ನೀರಿನಲ್ಲಿ ಚೆನ್ನಾಗಿ ಕುದಿದರೆ ಅದರ ಶಕ್ತಿ ಅಡಗುತ್ತದೆ. ಆದ್ದರಿಂದ ಶುಂಠಿ ಮೊದಲು, ಹಾಲು ಆಮೇಲೆ. ಈಗ ಎರಡು ಸಣ್ಣ ಚಮಚ ಚಹಾಪುಡಿ ಹಾಕಿ, ಒಂದು ನಿಮಿಷದ ನಂತರ ಒಂದು ಲೋಟ ಹಾಲು ಸೇರಿಸಿ, ಉಕ್ಕಿ ಬಂದಾಗ ಇಳಿಸಿ. ಏಲಕ್ಕಿಯ ಪರಿಮಳ ಬೇಗ ಹಾರಿಹೋಗುವಂಥದು. ಇಳಿಸುವ ಮುನ್ನ ಸಿಪ್ಪೆಸಮೇತ ಜಜ್ಜಿ ಹಾಕಿ ಎರಡು ನಿಮಿಷ ಮುಚ್ಚಿಡಿ. ಬೆಲ್ಲ ಹಾಕುವವರು ಒಲೆ ಆರಿಸಿದ ಮೇಲೆ ಹಾಕಿರಿ, ಇಲ್ಲದಿದ್ದರೆ ಮತ್ತೆ ಹಾಲು ಒಡೆದೀತು.

ನಮ್ಮಲ್ಲಿ ಸಿಗುವ ಹರಳು ಹರಳಾದ ಚಹಾಪುಡಿ ಬೇಗ ಬಣ್ಣ ಬಿಡುತ್ತದೆ. ಹತ್ತು ನಿಮಿಷ ಕುದಿಸಿದರೆ ಕಹಿ, ಒಗರು ಹೆಚ್ಚುತ್ತವೆಯೇ ಹೊರತು ರುಚಿ ಹೆಚ್ಚುವುದಿಲ್ಲ. ದಾಲ್ಚಿನ್ನಿ ಎಂದು ಅಂಗಡಿಯಲ್ಲಿ ಅಗ್ಗಕ್ಕೆ ಕೊಡುವ ದಪ್ಪ ಚಕ್ಕೆ ಬಹುಮಟ್ಟಿಗೆ ಕ್ಯಾಸಿಯಾ. ಅದರಲ್ಲಿರುವ ಕೂಮರಿನ್ ಅತಿಯಾದರೆ ಯಕೃತ್ತಿಗೆ ಒಳ್ಳೆಯದಲ್ಲ. ಚೂರು ಸಾಕು, ದಿನಾ ಚಮಚಗಟ್ಟಲೆ ಬೇಡ.

ಇನ್ನು ಹೊತ್ತಿನ ವಿಷಯ. ಚಹಾದಲ್ಲಿರುವ ಟ್ಯಾನಿನ್ ಮುಂತಾದ ಒಗರು ಪದಾರ್ಥಗಳು ಆಹಾರದ ಕಬ್ಬಿಣಾಂಶದ ಜೊತೆ ಗಂಟು ಹಾಕಿಕೊಳ್ಳುತ್ತವೆ. ಹಾಗೆ ಗಂಟಾದ ಕಬ್ಬಿಣವನ್ನು ಕರುಳು ಹೀರಿಕೊಳ್ಳಲಾರದು. ರಾಗಿ, ಕಾಳು, ಸೊಪ್ಪುಗಳ ಕಬ್ಬಿಣ ಮೊದಲೇ ಮಾಂಸದ ಕಬ್ಬಿಣದಷ್ಟು ಸುಲಭವಾಗಿ ಒಗ್ಗುವುದಿಲ್ಲ. ಊಟದ ಜೊತೆಗೇ ಚಹಾ ಕುಡಿದರೆ ಇದ್ದದ್ದೂ ಹೋಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಇದಕ್ಕೆಲ್ಲ ಚಹಾ ಒಂದೇ ಕಾರಣವೆಂದಲ್ಲ. ಆದರೆ ಎಲ್ಲರಿಗೂ ಬಡಿಸಿ, ಹನ್ನೊಂದು ಗಂಟೆಗೆ ಉಳಿದ ಒಂದು ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿಂದು ಮುಗಿಸುವ ತಾಯಂದಿರು ನಮ್ಮಲ್ಲಿ ಕಡಿಮೆಯೇ? ಗರ್ಭಿಣಿಗೆ ಕೊಟ್ಟ ಕಬ್ಬಿಣದ ಮಾತ್ರೆಯನ್ನು ಬಿಸಿ ಚಹಾದ ಜೊತೆ ನುಂಗುವುದೂ ಉಂಟು. ಮಾತ್ರೆ ಹೊಟ್ಟೆಗೆ ಹೋಗುತ್ತದೆ, ರಕ್ತಕ್ಕೆ ಸೇರುವುದು ಮಾತ್ರ ಅಲ್ಪ. ಹಾಲು ಹಾಕಿದ್ದರಿಂದ ಈ ದೋಷ ಹೋಗುತ್ತದೆಂದು ತಿಳಿಯಬೇಡಿ. ಹಾಲಿನ ಕ್ಯಾಲ್ಸಿಯಂ ಕೂಡ ಕಬ್ಬಿಣಕ್ಕೆ ಅಡ್ಡಿಯೇ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಸೂಚಿಯೂ ಇದನ್ನೇ ಹೇಳುತ್ತದೆ: ಊಟಕ್ಕೆ ಕನಿಷ್ಠ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಚಹಾ, ಕಾಫಿ ಬೇಡ. ಉಪ್ಪಿಟ್ಟು ಎಂಟಕ್ಕಾದರೆ ಚಹಾ ಒಂಬತ್ತೂವರೆಗೆ ಇರಲಿ. ಊಟದ ಜೊತೆ ಬೇಕಾದದ್ದು ನಿಂಬೆಹಣ್ಣು, ನೆಲ್ಲಿಕಾಯಿ, ಸೀಬೆ. ಇವುಗಳ 'ಸಿ' ಜೀವಸತ್ವ ಕಬ್ಬಿಣ ಹೀರಲು ನೆರವಾಗುತ್ತದೆ. ಥೈರಾಯಿಡ್ ಮಾತ್ರೆ ನುಂಗುವವರು ಬರೀ ನೀರಿನಲ್ಲಿ ನುಂಗಿ, ಚಹಾಕ್ಕೆ ಕನಿಷ್ಠ ಅರ್ಧ ಗಂಟೆ ಕಾಯಬೇಕು.

ಸಕ್ಕರೆಯ ಲೆಕ್ಕ ಸರಳ. ಲೋಟಕ್ಕೆ ಎರಡು ಚಮಚದಂತೆ ನಾಲ್ಕು ಲೋಟ ಕುಡಿದರೆ ಸುಮಾರು 35ರಿಂದ 40 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ 25 ಗ್ರಾಂ ಒಳಗಿದ್ದರೆ ಉತ್ತಮ ಎನ್ನುತ್ತದೆ. ಮಧುಮೇಹಿಗಳು ಬೆಲ್ಲದ ಚಹಾ ಎಂದು ಸಮಾಧಾನಪಟ್ಟುಕೊಳ್ಳುವ ಹಾಗಿಲ್ಲ.

ಸಂಜೆ ತಡವಾಗಿ ಕುಡಿದರೆ ಅದರ ಕೆಫೀನ್ ನಿದ್ದೆ ಕೆಡಿಸುತ್ತದೆ. ಇನ್ನು ಮಕ್ಕಳು. ದೊಡ್ಡವರ ಲೋಟ ನೋಡಿ 'ನನಗೂ' ಎಂದು ಹಟ ಹಿಡಿಯುವ ಮಗುವಿಗೆ ಚಹಾ ಅಭ್ಯಾಸ ಮಾಡಿಸಬೇಡಿ. ಮಲೆನಾಡು, ಕರಾವಳಿಯ ಮನೆಗಳ ಕಷಾಯ ಇರುವುದೇ ಇಂಥ ಹೊತ್ತಿಗೆ. ನಾಲ್ಕು ಪಾಲು ಕೊತ್ತಂಬರಿ ಬೀಜ, ಎರಡು ಪಾಲು ಜೀರಿಗೆ, ಕಾಲು ಪಾಲು ಕಾಳುಮೆಣಸು ಬೇರೆ ಬೇರೆಯಾಗಿ ಘಮ್ಮೆನ್ನುವಂತೆ ಹುರಿದು ಪುಡಿ ಮಾಡಿ ಡಬ್ಬಿಯಲ್ಲಿಡಿ. ಲೋಟಕ್ಕೆ ಅರ್ಧ ಚಮಚ ಪುಡಿ ನೀರಿನಲ್ಲಿ ಕುದಿಸಿ, ಹಾಲು ಹಾಕಿ, ಇಳಿಸಿದ ಮೇಲೆ ಸ್ವಲ್ಪ ಬೆಲ್ಲ. ರಾತ್ರಿ ಮಲಗುವ ಮುನ್ನ ಅಜ್ಜನಿಗೂ ಇದೇ ಲೋಟ ನಡೆಯುತ್ತದೆ.